ಚಪ್ಪಲಿ ಸಾಲಿನಲ್ಲಿ ನನ್ನ ಜಾಗ

ನನ್ನ ಕಾಲಿನ ಅಳತೆ ಆರು. ಗಂಡಸಾದವನು ನಾಲ್ಕು ಜನರೆದುರು ಹೇಳಿಕೊಳ್ಳುವಂಥ ಅಳತೆ ಇದಲ್ಲ. ಶಿರಸಿಯ ಚಪ್ಪಲಿ ಅಂಗಡಿಯವನು "ಗಂಡಸರ ಆರು ಒಳಗಡೆ ನೋಡ್ಬೇಕು ಸರ್, ಇದ್ದರೂ ಇರಬಹುದು" ಎಂದು ಒಳಗೆ ಹೋದನೆಂದರೆ ಬೇಗ ಹೊರಗೆ ಬರುವುದಿಲ್ಲ. ನಲವತ್ತೈದು ವರ್ಷ ಈ ಗುಟ್ಟನ್ನು ನಾನು ಉದ್ದ ಪ್ಯಾಂಟಿನ ಅಂಚಿನಲ್ಲಿ ಮುಚ್ಚಿಕೊಂಡು ಬಂದಿದ್ದೆ. ಅದನ್ನು ಹಾಡುಹಗಲೇ ಬಯಲು ಮಾಡಿದ್ದು ಗುಡ್ನಾಪುರ ಕೆರೆಯ ಆಚೆಗಿನ ಒಂದು ಹಳ್ಳಿಯ ಅಂಗನವಾಡಿ ಮಕ್ಕಳು. ಮಾಡಿಸಿದವರು ಅಲ್ಲಿಯ ಅಕ್ಕೋರು.

ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ಇವರಿಗೂ ಒಂದು ಹೆಸರಿದೆ, ಆದರೆ ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ. ಕಳೆದ ಮಾರ್ಚ್‌ನಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾನು ಮಾಡಿದ ಭಾಷಣದಲ್ಲಿ "ನಿಸ್ವಾರ್ಥ ಸೇವೆ", "ಬೆಳಗಿದ ದೀಪ" ಎಂದೆಲ್ಲ ಬಂತು. ಹೇಳಬೇಕಾದ ಒಂದು ಮಾತನ್ನು ಮಾತ್ರ ಬಿಟ್ಟಿದ್ದೆ. ಇದನ್ನು ಬರೆಯುತ್ತಿರುವುದು ಅದಕ್ಕೇ.

ಮೊದಲು ಚಪ್ಪಲಿಯ ವಿಷಯ ಮುಗಿಸುತ್ತೇನೆ. ಆ ಅಂಗನವಾಡಿಯಲ್ಲಿ ಬೆಳಿಗ್ಗೆ ಮಕ್ಕಳೆಲ್ಲ ಬಂದಮೇಲೆ ಅಕ್ಕೋರು ಇಬ್ಬರನ್ನು ಕರೆಯುತ್ತಿದ್ದರು. ದಿನಕ್ಕೆ ಇಬ್ಬರ ಪಾಳಿ. ಬಾಗಿಲಾಚೆ ಬಿಟ್ಟ ಅಷ್ಟೂ ಚಪ್ಪಲಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸುವುದು ಆ ಇಬ್ಬರ ಕೆಲಸ. ಯಾವುದು ದೊಡ್ಡದೆಂದು ಅನುಮಾನ ಬಂದರೆ ಎರಡು ಚಪ್ಪಲಿಯ ತಳಕ್ಕೆ ತಳ ಹಚ್ಚಬೇಕು, ಹಿಮ್ಮಡಿ ಸಮ ಮಾಡಬೇಕು, ಆಮೇಲೆ ಮುಂದುಗಡೆ ಯಾವುದು ಹೊರಗೆ ಇಣುಕುತ್ತದೆ ಎಂದು ನೋಡಬೇಕು. ಹಿಮ್ಮಡಿ ಸಮ ಮಾಡದೆ ನೋಡಿದವರಿಗೆ ಅಕ್ಕೋರು "ಮೋಸ ಮೋಸ" ಎನ್ನುತ್ತಿದ್ದರು. ಆಗ ಇಡೀ ಅಂಗನವಾಡಿ "ಮೋಸ ಮೋಸ" ಎಂದು ಕೂಗುತ್ತಿತ್ತು.

ನಾನು ತಪಾಸಣೆಗೆಂದು ಮೊದಲ ಸಲ ಹೋದಾಗ ಇದ್ಯಾವುದೂ ಗೊತ್ತಿರಲಿಲ್ಲ. ಜೀಪಿನಲ್ಲಿ ಹೋಗಿದ್ದೆ, ಕೈಯಲ್ಲಿ ಫೈಲು, ಕೊರಳಲ್ಲಿ ಗುರುತಿನ ಚೀಟಿ. ಒಳಗೆ ಕುರ್ಚಿಯ ಮೇಲೆ ಕೂತು ಬಾಗಿಲ ಕಡೆ ನೋಡಿದರೆ, ಇಬ್ಬರು ಮಕ್ಕಳು ನನ್ನ ಚರ್ಮದ ಚಪ್ಪಲಿಯನ್ನು ಎತ್ತಿಕೊಂಡು ಅಕ್ಕೋರ ಹವಾಯಿ ಚಪ್ಪಲಿಗೆ ತಳ ಹಚ್ಚುತ್ತಿದ್ದರು. ಹಿಮ್ಮಡಿ ಸಮ ಮಾಡಿದರು. ಒಂದು ಮಗು ಬಗ್ಗಿ ನೋಡಿ, "ಸಾಹೇಬ್ರುದು ಸಣ್ಣದು!" ಎಂದು ಊರಿಗೆಲ್ಲ ಕೇಳುವಂತೆ ಹೇಳಿತು. ನನ್ನದನ್ನು ಅಕ್ಕೋರ ಚಪ್ಪಲಿಗಿಂತ ಮುಂಚೆ, ಮಕ್ಕಳ ಸಾಲಿನ ಕೊನೆಗೆ ಅಂಟಿಸಿ ಇಟ್ಟರು. ಅಕ್ಕೋರದರ ಆಚೆಗೆ ಅಡುಗೆ ಮಾಡುವ ಸಹಾಯಕಿಯ ಚಪ್ಪಲಿ, ಎಲ್ಲಕ್ಕಿಂತ ದೊಡ್ಡದು. ಆಕೆ ಸೌಟು ಹಿಡಿದುಕೊಂಡೇ ಬಂದು ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಒಳಗೆ ಓಡಿದಳು. ಅಕ್ಕೋರು ಮಾತ್ರ ನಗಲಿಲ್ಲ. ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ, "ಸರಿ ಐತಿ" ಎಂದು ಮಕ್ಕಳ ತಲೆ ಸವರಿದರು.

ಮನೆಗೆ ಬಂದು ಹೆಂಡತಿಯ ಹತ್ತಿರ ಈ ಅವಮಾನವನ್ನು ಹೇಳಿಕೊಂಡೆ. ಅವಳು ಸಿದ್ದಾಪುರದ ಬಿಳಗಿ ಕಡೆಯವಳು, ಸಮಾಧಾನ ಮಾಡುವುದರಲ್ಲಿ ಅವಳದ್ದು ಬೇರೆಯೇ ರೀತಿ. "ಮಕ್ಕ ಎಂತ ಸುಳ್ಳು ಹೇಳಿದ್ವ? ನಿಂಗಳ ಕಾಲು ಸಣ್ಣದೇ ಅಲ್ದಾ?" ಎಂದಳು.

ಅಕ್ಕೋರು ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಅಷ್ಟು ಕುಳ್ಳಗಿನ ಹೆಂಗಸಿಗೆ ಅಷ್ಟು ದೊಡ್ಡ ಪಾದ ಹೇಗೆ ಬಂತೋ. ಹೊಲಗದ್ದೆಯ ಮನೆತನ, ಚಿಕ್ಕಂದಿನಿಂದ ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ಓಡಾಡಿ ಅಗಲವಾದದ್ದು ಎಂದು ಅವರೇ ಹೇಳುತ್ತಿದ್ದರು. ಕುರ್ಚಿಯ ಮೇಲೆ ಅವರು ಕೂತಿದ್ದನ್ನು ನಾನು ನೋಡಿಯೇ ಇಲ್ಲ. ಇದ್ದ ಒಂದು ಕುರ್ಚಿ ನನ್ನಂಥವರಿಗೆ. ಒಂದು ದಿನ ನನ್ನನ್ನೂ ಅದರಿಂದ ಎಬ್ಬಿಸಿ ನೆಲದ ಮೇಲೆ ಕೂರಿಸಿದರು. "ಇಲ್ಲಿಂದ ನೋಡ್ರಿ ಮಾಸ್ತರ್ರ, ಆ ಕಪಾಟು ಎಷ್ಟು ದೊಡ್ಡದು ಕಾಣತೈತಿ. ನಿಮಗ ಕುರ್ಚಿ ಮ್ಯಾಲಿಂದ ಹಂಗ ಕಂಡಿತ್ತೇನು?" ಕಂಡಿರಲಿಲ್ಲ. ಆದರೆ ಒಪ್ಪಿಕೊಂಡರೆ ಕುರ್ಚಿಯ ಗತಿ ಏನೆಂದು ಸುಮ್ಮನಿದ್ದೆ.

ಎಲ್ಲರೂ ನನ್ನನ್ನು ಸರ್ ಎನ್ನುತ್ತಿದ್ದರು. ಅವರೊಬ್ಬರೇ ಮಾಸ್ತರ್ರ ಎನ್ನುತ್ತಿದ್ದದ್ದು. ನಾನು ಯಲ್ಲಾಪುರದಲ್ಲಿ, ಅರಬೈಲ್ ಘಟ್ಟದ ಬುಡದ ಒಂದು ಶಾಲೆಯಲ್ಲಿ ಹನ್ನೆರಡು ವರ್ಷ ಮಾಸ್ತರಿಕೆ ಮಾಡಿದವನೇ. ಆಮೇಲೆ ಅಂಗನವಾಡಿಯವರಿಗೆ ತರಬೇತಿ ಕೊಡುವ ಕೆಲಸಕ್ಕೆ ಶಿರಸಿಗೆ ಬಂದೆ. ಬಂದಮೇಲೆ ಮಾಸ್ತರ ಎಂದು ಕರೆಸಿಕೊಳ್ಳುವುದು ನನ್ನ ಅಂತಸ್ತಿಗೆ ಸ್ವಲ್ಪ ಕಡಿಮೆಯಾಯಿತೇನೋ ಎನ್ನಿಸುತ್ತಿತ್ತು.

ಅವರ ಬಾಯಲ್ಲಿ ಯಾವಾಗಲೂ ಒಂದು ಪ್ರಶ್ನೆ ಇರುತ್ತಿತ್ತು: "ಯಾವುದಕ್ಕಿಂತ?" ಮಗು ಅನಾನಸ್ ತೋರಿಸಿ "ದೊಡ್ಡದು" ಎಂದರೆ ಅಕ್ಕೋರು, "ಯಾವುದಕ್ಕಿಂತ?" ಮಗು ಆಚೀಚೆ ನೋಡಿ ಲಿಂಬೆಹಣ್ಣನ್ನು ಎತ್ತಿ ಹಿಡಿಯಬೇಕು. "ಲಿಂಬಿಹಣ್ಣಿಗಿಂತ." ಆಗ ಅದೇ ಅನಾನಸಿನ ಪಕ್ಕ ಒಂದು ಹಲಸಿನಹಣ್ಣು ತಂದಿಡುತ್ತಿದ್ದರು. "ಈಗ?" ಮಗುವಿನ ಹುಬ್ಬು ಮೇಲೆ ಹೋಗುತ್ತಿತ್ತು. ಒಂದೇ ಹಣ್ಣು ಒಂದು ಗಳಿಗೆ ದೊಡ್ಡದು, ಇನ್ನೊಂದು ಗಳಿಗೆ ಸಣ್ಣದು. ಒಂಟಿಯಾಗಿ ಯಾವುದೂ ದೊಡ್ಡದಲ್ಲ ಎನ್ನುವುದನ್ನು ಅವರು ಒಂದು ಸಲವೂ ಬಾಯಿಬಿಟ್ಟು ಹೇಳದೆ ಎಷ್ಟೋ ಮಕ್ಕಳಿಗೆ ಕಲಿಸಿದರು. ನಾನು ಇದನ್ನೇ ಹೇಳಲು ಎಂಟು ಪುಟದ ಕೈಪಿಡಿ ಬರೆದಿದ್ದೆ. ಅದನ್ನು ಓದಿ ಅರ್ಥ ಮಾಡಿಕೊಂಡವರು ಯಾರೂ ನನಗೆ ಸಿಕ್ಕಿಲ್ಲ, ಈಗ ಓದಿದರೆ ನನಗೂ ಅರ್ಥವಾಗುವುದಿಲ್ಲ.

ಕೈಪಿಡಿಯ ಜೊತೆಗೆ ನಾನು ಕಾರ್ಡುಗಳನ್ನೂ ಮಾಡಿಸಿದ್ದೆ. ಚಿಕ್ಕ ಮಕ್ಕಳಿಗೆ ದೊಡ್ಡದು ಸಣ್ಣದು ಹೋಲಿಸಲು ಕಲಿಸುವ ಚಿತ್ರದ ಕಾರ್ಡು. ಒಂದರಲ್ಲಿ ಇರುವೆ, ಒಂದರಲ್ಲಿ ಆನೆ. ಒಂದರಲ್ಲಿ ಕೋಳಿಮರಿ, ಒಂದರಲ್ಲಿ ಎಮ್ಮೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಅಂಗನವಾಡಿಗಳಿಗೆ ಅವನ್ನು ಹಂಚಿದರು. ನನಗೆ ಒಂದು ಶಾಲು ಹೊದೆಸಿದರು. ಆ ಶಾಲು ಹೊದ್ದ ಫೋಟೋ ಇನ್ನೂ ನಮ್ಮ ಮನೆಯ ಗೋಡೆಯ ಮೇಲಿದೆ. ಹೆಂಡತಿ ಧೂಳು ಒರೆಸುವಾಗ ಅದೊಂದನ್ನು ಬಿಟ್ಟು ಒರೆಸುತ್ತಾಳೆ.

ಆ ಕಾರ್ಡು ಹಿಡಿದುಕೊಂಡೇ ನಾನು ಮಕ್ಕಳ ಕಲಿಕೆ ಪರೀಕ್ಷಿಸಲು ಹೋದದ್ದು. ಅಕ್ಕೋರ ಅಂಗನವಾಡಿಗೆ ಹಾಗೆ ಹೋದ ದಿನ ತಾಯಂದಿರ ಸಭೆಯೂ ಇತ್ತು. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಇರುವೆ ಮತ್ತು ಆನೆಯ ಕಾರ್ಡು ತೋರಿಸಿ, "ಯಾವುದು ದೊಡ್ಡದು?" ಎಂದು ಕೇಳಿದೆ. ಮಕ್ಕಳು ಆನೆ ಎಂದರು. ಕೆಲವರು ಕಾರ್ಡು ನೋಡಿ ಹೇಳಿದರು, ಕೆಲವರು ನನ್ನ ಮುಖ ನೋಡಿ ಹೇಳಿದರು. ಎಲ್ಲರಿಗೂ ಸರಿ ಗುರುತು ಹಾಕಿದೆ.

ನಾಲ್ಕು ವರ್ಷದ ಒಂದು ಹುಡುಗಿ ಬಂದಳು. ಎರಡು ಜಡೆ, ಸೋರುವ ಮೂಗು. ಅವಳು ನನ್ನ ಮುಖ ನೋಡಲಿಲ್ಲ. ಕಾರ್ಡುಗಳನ್ನು ನನ್ನ ಕೈಯಿಂದ ತೆಗೆದುಕೊಂಡು ನೆಲದ ಮೇಲೆ ಅಕ್ಕಪಕ್ಕ ಇಟ್ಟಳು. ಕೆಳಗಿನ ಅಂಚು ಎರಡೂ ಸಮ ಆಗುವ ಹಾಗೆ ಬೆರಳಿನಿಂದ ತಳ್ಳಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಇರುವೆಯ ಮೇಲೆ ಬೆರಳಿಟ್ಟಳು.

"ಸರಿಯಾಗಿ ನೋಡು," ಎಂದೆ. ಮತ್ತೆ ನೋಡಿದಳು. ಮತ್ತೆ ಇರುವೆ.

ನಾನು ನಮೂನೆಯಲ್ಲಿ ತಪ್ಪು ಗುರುತು ಹಾಕಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಸಭೆಯಲ್ಲಿ ಅಷ್ಟೂ ತಾಯಂದಿರ ಮುಂದೆ ಎದ್ದು ನಿಂತು, ಇಲ್ಲಿಯ ಮಕ್ಕಳು ಚೆನ್ನಾಗಿ ಕಲಿತಿದ್ದಾರೆ, ಒಂದು ಮಗುವಿಗೆ ಮಾತ್ರ ಇರುವೆ ದೊಡ್ಡದೋ ಆನೆ ದೊಡ್ಡದೋ ಎನ್ನುವುದು ಇನ್ನೂ ತಿಳಿದಿಲ್ಲ, ಮನೆಯವರು ಗಮನ ಕೊಡಬೇಕು ಎಂದು ನಗುನಗುತ್ತಾ ಹೇಳಿದೆ. ಹೆಂಗಸರು ನಕ್ಕರು. ನನ್ನ ಭಾಷಣಕ್ಕೆ ಜನ ನಗುವುದು ಅಪರೂಪ, ಹಾಗಾಗಿ ಹುಡುಗಿಯ ಹೆಸರನ್ನೂ ಹೇಳಿದೆ. ಹಿಂದಿನ ಸಾಲಿನಲ್ಲಿ ಒಬ್ಬಳು ತಾಯಿ ತಲೆ ತಗ್ಗಿಸಿದಳು. ಅಕ್ಕೋರು ನನ್ನ ಪಕ್ಕದಲ್ಲೇ ನಿಂತಿದ್ದರು.

ತಾಯಂದಿರು ಮನೆಗೆ ಹೋದಮೇಲೆ ಅಕ್ಕೋರು ನನ್ನ ಮುಂದೆ ಆ ಎರಡು ಕಾರ್ಡುಗಳನ್ನು ಇಟ್ಟರು. ಇರುವೆಯ ಮೇಲೆ ಬೆರಳು ಅಡ್ಡ ಇಟ್ಟು ಅಳೆದರು. "ಇರುವಿ ನಾಲ್ಕು ಬೆರಳು ಐತ್ರಿ." ಆನೆಯ ಮೇಲೆ ಇಟ್ಟರು. "ಆನಿ ಮೂರು ಬೆರಳು."

ನಾನೂ ಬೆರಳಿಟ್ಟು ನೋಡಿದೆ. ಚಿತ್ರ ಬರೆಯುವ ಮಾಸ್ತರಿಗೆ ಇರುವೆಯ ಮೀಸೆ, ಕಾಲಿನ ಗಂಟು ಎಲ್ಲ ಕಾಣಬೇಕು ಎಂದು ಹೇಳಿದವನು ನಾನು. ಅವರು ಕಾರ್ಡಿನ ತುಂಬ ಇರುವೆ ಬರೆದರು. ಆನೆಯ ಹಿಂದೆ ಮರಗಿಡ, ಮೇಲೆ ಮೋಡ, ಮುಂದೆ ಹೊಳೆ ಇರಲಿ ಎಂದವನೂ ನಾನೇ. ಅದಕ್ಕೆಲ್ಲ ಜಾಗ ಬಿಟ್ಟು ಉಳಿದದ್ದರಲ್ಲಿ ಅವರು ಆನೆಯನ್ನು ತೂರಿಸಿದ್ದರು. ಮೂರು ತಾಲೂಕಿನ ಜನ ನೋಡಿದರು, ಶಾಲು ಹೊದೆಸಿದವರು ನೋಡಿದರು. ನೋಡಿ ಕಂಡುಕೊಂಡವಳು ಮೂಗು ಸೋರುವ ಆ ಹುಡುಗಿ ಒಬ್ಬಳೇ.

"ಆದ್ರೂ ಅಕ್ಕೋರೆ, ಆನೆ ದೊಡ್ಡದು ಅಂತ ಎಲ್ಲರಿಗೂ ಗೊತ್ತಿರ್ತದಲ್ಲ," ಎಂದೆ.

"ಆ ಕೂಸು ಆನಿ ನೋಡಿಲ್ರಿ ಮಾಸ್ತರ್ರ. ನೀವು ತೋರಿಸಿದ್ದನ್ನ ನೋಡೇತಿ."

"ಇದನ್ನು ಸಭೆಯಲ್ಲೇ ಯಾಕೆ ಹೇಳ್ಲಿಲ್ಲ?"

"ಅಷ್ಟು ಮಂದಿ ಮುಂದ ನಿಮ್ಮ ಮರ್ಯಾದಿ ತೆಗೀಲೇನ್ರಿ?" ಎಂದರು.

ನಾನು ಒಂದು ಕೂಸಿನ ಮರ್ಯಾದೆಯನ್ನು ಅದೇ ಮಂದಿಯ ಮುಂದೆ ಆಗಷ್ಟೇ ತೆಗೆದಿದ್ದೆ. ಅವರು ಆ ಮಾತನ್ನು ಸೇರಿಸಲಿಲ್ಲ. ಸೇರಿಸಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಅವರು ಕೇಳಿದ್ದು ಒಂದೇ. "ಮಂದಿ ಮುಂದ ಬ್ಯಾಡ. ಆಕಿ ಮನಿಗೆ ಬಂದು ಅವರವ್ವಗ ಒಂದು ಮಾತು ಹೇಳ್ರಿ. ತಪ್ಪು ಕಾರ್ಡಿಂದು, ಕೂಸಿಂದಲ್ಲ ಅಂತ. ಹತ್ತು ಮಿನಿಟಿನ ಹಾದಿ." ನಾನು ಗಡಿಯಾರ ನೋಡಿಕೊಂಡೆ. ಇವತ್ತು ಜೀಪು ವಾಪಸ್ ಕೊಡಬೇಕು, ಮುಂದಿನ ಸಲ ಖಂಡಿತ ಎಂದೆ.

ಮುಂದಿನ ಸಲ ಬರಲು ಒಂಬತ್ತು ವರ್ಷ ಬೇಕಾಯಿತು.

ಒಂಬತ್ತು ವರ್ಷ ಒಬ್ಬ ಮನುಷ್ಯ ಹತ್ತು ಮಿನಿಟಿನ ದಾರಿಯನ್ನು ಹೇಗೆ ತಪ್ಪಿಸಿಕೊಳ್ಳಬಹುದು ಎಂದು ಯಾರಿಗಾದರೂ ತರಬೇತಿ ಬೇಕಿದ್ದರೆ ಕೊಡಲು ನಾನು ಸಿದ್ಧ. ಆ ಕಡೆಯ ಭೇಟಿಗಳನ್ನು ಸಹೋದ್ಯೋಗಿಗೆ ದಾಟಿಸುವುದು. ಬನವಾಸಿಗೆ ಹೋಗಲೇಬೇಕಾದರೆ ಆ ಹಳ್ಳಿಯನ್ನು ಬಿಟ್ಟು ಸುತ್ತುದಾರಿ ಹಿಡಿಯುವುದು. ಅಕ್ಕೋರ ಫೋನು ಬಂದರೆ "ಮೀಟಿಂಗಿನಲ್ಲಿದ್ದೇನೆ" ಎನ್ನುವುದು, ಹಿಂದೆ ಹೆಂಡತಿ ದೋಸೆ ಹುಯ್ಯುವ ಸದ್ದು ಕೇಳುತ್ತಿದ್ದರೂ. ಕಾರ್ಡುಗಳನ್ನು ಮಾತ್ರ ಸದ್ದಿಲ್ಲದೆ ತಿದ್ದಿಸಿದೆ. ಮೋಡ ತೆಗೆಸಿ ಆನೆಯನ್ನು ದೊಡ್ಡದು ಮಾಡಿಸಿದೆ, ಇರುವೆಯನ್ನು ಒಂದು ಮೂಲೆಗೆ ತಳ್ಳಿಸಿದೆ. "ಪರಿಷ್ಕೃತ" ಎಂದು ಅಚ್ಚು ಹಾಕಿಸಿದೆ. ಪರಿಷ್ಕರಣೆಗೆಂದು ಇನ್ನೊಂದು ಶಾಲು ಬಂತು.

ನಡುವೆ ಒಂದು ಸಲ ಶಿರಸಿಯಲ್ಲಿ ಮೂರು ದಿನದ ತರಬೇತಿಗೆ ಅಕ್ಕೋರು ಬಂದಿದ್ದರು. ತರಬೇತಿ ಕೊಡುವವನು ನಾನೇ, ತಪ್ಪಿಸಿಕೊಳ್ಳಲು ಬಾಗಿಲೇ ಇರಲಿಲ್ಲ. ಕಾರ್ಡು ಬೇಡ, ಈ ಸಲ ನಿಜವಾದ ವಸ್ತು ತರೋಣ ಎಂದು ಸಂತೆಯಿಂದ ಒಂದು ಪಡುವಲಕಾಯಿ, ಒಂದು ಮೊಗೆಕಾಯಿ, ಅಂದರೆ ಸಾಂಬಾರು ಸೌತೆ, ತಂದು ಮೇಜಿನ ಮೇಲಿಟ್ಟೆ. "ಇವೆರಡರಲ್ಲಿ ಯಾವುದು ದೊಡ್ಡದು ಅಂತ ಮಕ್ಕಳಿಗೆ ಕೇಳಬೇಕು," ಎಂದೆ. ಹಿಂದಿನ ಬೆಂಚಿನಿಂದ ಅಕ್ಕೋರು ಕೈ ಎತ್ತಿದರು. "ಉದ್ದದಾಗೋ, ದಪ್ಪದಾಗೋ, ತೂಕದಾಗೋ, ಮಾಸ್ತರ್ರ?"

ನಾನು ಮೇಜಿನ ಮೇಲೆ ನೋಡಿದೆ. ಪಡುವಲಕಾಯಿ ಈ ತುದಿಯಿಂದ ಆ ತುದಿಗೆ ಮಲಗಿತ್ತು. ಮೊಗೆಕಾಯಿ ದುಂಡಗೆ, ತೂಕವಾಗಿ ಕೂತಿತ್ತು. "ಅದು... ಒಟ್ಟಾರೆ," ಎಂದೆ. ಸಭೆಯಲ್ಲಿ ಮತ್ತೆ ನಗು. ಅಕ್ಕೋರು ಈ ಸಲವೂ ನಗದೆ, ಎದ್ದು ಬಂದು, ತಮ್ಮ ಮಕ್ಕಳು ಈ ಎರಡರ ಬಗ್ಗೆ ಮೂರು ದಿನ ಜಗಳ ಆಡಿದ್ದನ್ನು ಹೇಳಿದರು. ಮೊದಲ ದಿನ ಉದ್ದದವರು ಗೆದ್ದರು. ಎರಡನೇ ದಿನ ಒಂದು ಮಗು ಎರಡನ್ನೂ ಎತ್ತಿ ನೋಡಿ ತೂಕದ ಪಕ್ಷ ಕಟ್ಟಿತು. ಮೂರನೇ ದಿನ ಸಹಾಯಕಿ ಎರಡನ್ನೂ ಹೆಚ್ಚಿ ಸಾರು ಮಾಡಿದಳು, ಪಾತ್ರೆಯಲ್ಲಿ ಯಾವುದರ ಹೋಳು ಹೆಚ್ಚೆಂದು ಮತ್ತೆ ಜಗಳ. "ನಾ ಏನೂ ಹೇಳಲಿಲ್ರಿ. ಜಗಳ ಆಡೂವಾಗ ಚಲೋ ಕಲಿತಾವ," ಎಂದರು. ಕೂತಿದ್ದವರೆಲ್ಲ ಬರೆದುಕೊಂಡರು. ಮೂರು ದಿನದಲ್ಲಿ ಅವರು ಬರೆದುಕೊಂಡದ್ದು ಅದೊಂದೇ ಎಂದು ನನ್ನ ಅನುಮಾನ.

ಊಟದ ಹೊತ್ತಿನಲ್ಲಿ ಅಕ್ಕೋರು ನನ್ನ ಪಕ್ಕ ಬಂದು ಕೂತರು. ಆ ಹುಡುಗಿ ಆಗ ಮೂರನೇ ಕ್ಲಾಸು. ಊರಿನ ಮಕ್ಕಳು ಅವಳನ್ನು ಇರುವಿ ಎಂದೇ ಕರೆಯುತ್ತಾರಂತೆ. ಅಕ್ಕೋರು ಎಷ್ಟೋ ಸಲ ಅವಳ ತಾಯಿಗೆ ಕಾರ್ಡು ತೋರಿಸಿ, ಬೆರಳಿಟ್ಟು ಅಳೆದು ಹೇಳಿದ್ದಾರೆ. "ಆಕಿ ಏನಂತಾಳ ಗೊತ್ತೇನ್ರಿ? ನೀವು ಹೇಳಿದ್ರ ಹೆಂಗ ಅಕ್ಕೋರ, ನೀವು ನಮ್ಮೋರು, ಸಮಾಧಾನಕ್ಕ ಹೇಳ್ತೀರಿ. ಸಿರ್ಸಿಂದ ಬಂದ ಸಾಹೇಬ್ರು ಮಂದ್ಯಾಗ ಹೇಳಿ ಹೋಗ್ಯಾರ ಅಂತಾಳ. ನೀವ ಬರಬೇಕ್ರಿ."

"ಬರ್ತೆ ಅಕ್ಕೋರೆ, ಈ ತಿಂಗಳು ಮುಗೀಲಿ," ಎಂದೆ. ಅವರು ನನ್ನ ಎಲೆಗೆ ತಮ್ಮ ಪಾಲಿನ ಹಪ್ಪಳ ಹಾಕಿ ಎದ್ದರು.

ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಕೆಲಸದ ಒತ್ತಡ ಎನ್ನುತ್ತಿದ್ದೆ. ನಿಜ ಹೇಳಿದರೆ ನಾಚಿಕೆ. ತಪ್ಪು ಮಾಡಿದ್ದಕ್ಕಿಂತ, ತಡಮಾಡಿದ್ದಕ್ಕೆ. ಮೊದಲ ವಾರದಲ್ಲಿ ಹೋಗಿದ್ದರೆ ಅದು ಒಂದು ಕಾರ್ಡಿನ ತಪ್ಪು. ಒಂದು ವರ್ಷವಾದಮೇಲೆ ಕಾರ್ಡಿನ ಜೊತೆ ಆ ವರ್ಷಕ್ಕೂ ಕಾರಣ ಹೇಳಬೇಕು. ಹೀಗೆ ಪ್ರತಿ ವರ್ಷ ಹೋಗುವುದು ಇನ್ನಷ್ಟು ಕಷ್ಟವಾಗುತ್ತಾ ಬಂತು. ದೊಡ್ಡದು ಸಣ್ಣದು ಕಲಿಸುವ ತಜ್ಞ ನಾನು, ಇದು ಬೆಳೆಯುತ್ತಿರುವುದು ನನಗೆ ಕಾಣದೆ ಇರಲಿಲ್ಲ.

ಬೀಳ್ಕೊಡುಗೆಗೆ ನನ್ನನ್ನು ಮುಖ್ಯ ಅತಿಥಿಯೆಂದು ಕರೆದರು. ತಪ್ಪಿಸಿಕೊಳ್ಳಲು ನೋಡಿದೆ, ಹೆಂಡತಿ ಬಿಡಲಿಲ್ಲ. ಹೋದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಪಂಚಾಯ್ತಿಯವರದ್ದು, ಇಲಾಖೆಯವರದ್ದು, ಊರವರದ್ದು. ಪಾಳಿಯ ಮಕ್ಕಳಿಬ್ಬರು ಬೆವರು ಸುರಿಸುತ್ತಾ ಅಷ್ಟನ್ನೂ ಜೋಡಿಸುತ್ತಿದ್ದರು. ಹೊಳೆಯುವ ಬೂಟುಗಳಿಗೆ ಹರಿದ ಹವಾಯಿಗಳ ತಳ ಹಚ್ಚಿ ನೋಡುತ್ತಿದ್ದರು. ಮೊದಲು ಬಂದವರು ಯಾರು, ದೊಡ್ಡ ಹುದ್ದೆಯವರು ಯಾರು ಎನ್ನುವುದೆಲ್ಲ ಆ ಸಾಲಿನಲ್ಲಿ ಕಲಸಿಹೋಗಿತ್ತು. ನನ್ನದು ಎಲ್ಲಿದೆ ಎಂದು ನಾನು ನೋಡಲಿಲ್ಲ, ಗೊತ್ತಿತ್ತು.

ಭಾಷಣ ಮುಗಿಯಿತು, ಶಾಲು ಹೊದೆಸಿದ್ದಾಯಿತು. ಹೋಳಿಗೆ ಊಟ ಆದಮೇಲೆ ಅಕ್ಕೋರು ನನ್ನನ್ನು ಬದಿಗೆ ಕರೆದರು. ಶಾಲು ಇನ್ನೂ ಅವರ ಹೆಗಲ ಮೇಲೆ ಇತ್ತು. ದನಿ ತಗ್ಗಿಸಿ ಹೇಳಿದರು.

"ಆ ಹುಡುಗಿ ಏಳನೇ ಕ್ಲಾಸು ಮುಗಸ್ತಾಳ್ರಿ. ಬನವಾಸಿ ಹೈಸ್ಕೂಲಿಗೆ ಕಳಸೂದಿಲ್ಲ ಅಂತ ಅವರವ್ವ ಕುಂತಾಳ. ಈಕಿಗೆ ತಲಿಗೆ ಹತ್ತೂದಿಲ್ಲ, ಸಾಹೇಬ್ರು ಅವತ್ತ ಹೇಳ್ಯಾರ, ಸುಮ್ನ ಬಸ್ಸಿನಾಗ ಯಾಕ ಅಡ್ಡಾಡಿಸೂದು ಅಂತಾಳ. ಇವತ್ತ ಬಿಟ್ರ ನಿಮಗ ಹೇಳಾಕ ನನಗ ಅಧಿಕಾರ ಇಲ್ಲ ಮಾಸ್ತರ್ರ. ನಾಳಿಂದ ನಾ ಅಕ್ಕೋರಲ್ಲ."

ಮೂವತ್ತು ವರ್ಷ ದುಡಿದ ಹೆಂಗಸು ತನ್ನ ಕೊನೆಯ ದಿನ ತನಗಾಗಿ ಕೇಳಿದ್ದು ಇದು. ನಾನು ಜೀಪಿನವನಿಗೆ ಕಾಯಲು ಹೇಳಿದೆ.

ಹತ್ತು ಮಿನಿಟೂ ಬೇಕಾಗಲಿಲ್ಲ. ಶುಂಠಿ ಹೊಲದ ಪಕ್ಕದಲ್ಲಿ ಹೆಂಚಿನ ಮನೆ. ಅಂಗಳದಲ್ಲಿ ತಾಯಿ ಹುಣಸೆಹಣ್ಣು ಬಡಿಯುತ್ತಿದ್ದಳು. ನನ್ನನ್ನು ನೋಡಿ ಗಡಬಡಿಸಿ ಎದ್ದಳು. "ಬರ್ರಿ ಅಕ್ಕೋರ... ಬರ್ರಿ ಸಾಹೇಬ್ರ." ಗುರುತು ಸಿಕ್ಕಿತ್ತು. ನಾವು ಚಪ್ಪಲಿ ಬಿಟ್ಟು ಒಳಗೆ ಹೋದೆವು. ಹುಡುಗಿ ನೀರು ತಂದುಕೊಟ್ಟಳು. ತೆಳ್ಳಗೆ, ಎತ್ತರಕ್ಕೆ ಬೆಳೆದಿದ್ದಳು. ತಲೆ ಬಗ್ಗಿಸಿಯೇ ಇದ್ದಳು. ಆ ತಲೆ ನೋಡಿ, ಒಂಬತ್ತು ವರ್ಷದ ಹಿಂದೆ ತಗ್ಗಿದ್ದ ಅವಳ ತಾಯಿಯ ತಲೆ ನೆನಪಾಯಿತು.

ದಾರಿಯಲ್ಲಿ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಅದು ಬಾಯಿಗೆ ಬರಲಿಲ್ಲ. "ಅವತ್ತು ನಾನು ಹೇಳಿದ್ದು ತಪ್ಪು," ಎಂದೆ. "ನಿಮ್ಮ ಮಗಳು ಹೇಳಿದ್ದು ಸರಿ ಇತ್ತು. ನಾನು ತಂದ ಕಾರ್ಡಿನಲ್ಲಿ ಇರುವೆಯೇ ದೊಡ್ಡದಿತ್ತು. ಉಳಿದ ಮಕ್ಕಳು ನನ್ನ ಮುಖ ನೋಡಿದ್ರು. ಇವಳು ಕಾರ್ಡು ನೋಡಿದ್ಲು."

ತಾಯಿ ಅಕ್ಕೋರ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ನಿಧಾನಕ್ಕೆ ಕೇಳಿದಳು: "ಇಷ್ಟು ಹೇಳಾಕ ಒಂಬತ್ತು ವರ್ಷ ಬೇಕಾತೇನ್ರಿ ನಿಮಗ?"

ನಾನು ಅಕ್ಕೋರ ಕಡೆ ನೋಡಿದೆ. ಅವರು ಈ ಸಲ ನನ್ನ ನೆರವಿಗೆ ಬರಲಿಲ್ಲ. ಬರಬಾರದಾಗಿತ್ತು ಕೂಡ.

ಅವರು ಚೀಲದಿಂದ ಆ ಎರಡು ಹಳೆಯ ಕಾರ್ಡು ತೆಗೆದು ಹುಡುಗಿಯ ಕೈಗೆ ಕೊಟ್ಟರು. ಅಂಚು ಸವೆದು ನಾರುನಾರಾಗಿದ್ದವು. ಹುಡುಗಿಗೆ ಆ ದಿನದ ನೆನಪು ಇರಲೇ ಇಲ್ಲ. ಅವಳಿಗೆ ಉಳಿದದ್ದು ಇರುವಿ ಎನ್ನುವ ಅಡ್ಡಹೆಸರು ಮಾತ್ರ. ಕಾರ್ಡುಗಳನ್ನು ನೆಲದ ಮೇಲಿಟ್ಟು, ಕೆಳಗಿನ ಅಂಚು ಸಮ ಮಾಡಿ ನೋಡಿದಳು. ಮೊದಲ ಸಲ ತಲೆ ಎತ್ತಿ ನನ್ನನ್ನು ಕೇಳಿದಳು.

"ನೀವು ಅವತ್ತ ಚಿತ್ರಾ ಯಾವುದು ದೊಡ್ಡದು ಅಂತ ಕೇಳಿದ್ರೇನ್ರಿ, ಪ್ರಾಣಿ ಯಾವುದು ದೊಡ್ಡದು ಅಂತ ಕೇಳಿದ್ರೇನ್ರಿ?"

"ಯಾವುದು ದೊಡ್ಡದು ಅಂತ ಅಷ್ಟೇ ಕೇಳಿದ್ದೆ," ಎಂದೆ.

"ಹಂಗಂದ್ರ ಪ್ರಶ್ನಿನ ಪೂರಾ ಇರಲಿಲ್ಲ ಬಿಡ್ರಿ," ಎಂದಳು. ಬೈಗುಳವೇನೂ ಅಲ್ಲ. ನಾನು ಲೆಕ್ಕ ತಪ್ಪಿದ ಹುಡುಗರಿಗೆ ಹೇಳುತ್ತಿದ್ದ ಹಾಗೆ, ಸಮಾಧಾನಕ್ಕೆ ಹೇಳಿದಳು. ಅಕ್ಕೋರು ಸೆರಗಿನಿಂದ ಮೂಗು ಒರೆಸಿಕೊಂಡರು. ತಾಯಿ ಮಗಳನ್ನು ಹೊಸದಾಗಿ ನೋಡುವವಳಂತೆ ಬಹಳ ಹೊತ್ತು ನೋಡಿದಳು. ಅಕ್ಕೋರು ಹೈಸ್ಕೂಲಿನ ಮಾತು ಎತ್ತುವ ಮೊದಲೇ, "ಅಲ್ಲಿ ಯಾವಾಗ ಹೆಸರು ಹಚ್ಚತಾರ ಅಕ್ಕೋರ?" ಎಂದು ಅವಳೇ ಕೇಳಿದಳು. ಅಕ್ಕೋರು ಅದಕ್ಕೆ ಏನೇನು ಕಾಗದ ಬೇಕೆಂದು ಬೆರಳು ಮಡಚಿ ಹೇಳತೊಡಗಿದರು. ಮಗಳು ನಡುವೆ ಎದ್ದು ಹೊರಗೆ ಹೋದಳು.

ಹೊರಡಲು ಎದ್ದು ಬಾಗಿಲಿಗೆ ಬಂದರೆ ಹುಡುಗಿ ಜಗಲಿಯ ಅಂಚಿನಲ್ಲಿ ಬಗ್ಗಿ ಕೂತಿದ್ದಳು. ನಾವು ಹೇಗೆಂದರೆ ಹಾಗೆ ಬಿಟ್ಟಿದ್ದ ಚಪ್ಪಲಿಗಳನ್ನು ಮನೆಯವರ ಚಪ್ಪಲಿಗಳ ಜೊತೆ ಸಾಲಾಗಿ ಜೋಡಿಸುತ್ತಿದ್ದಳು. ಅಂಗನವಾಡಿ ಬಿಟ್ಟು ಇಷ್ಟು ವರ್ಷವಾದರೂ ಹೋಗದ ರೂಢಿ ಇರಬೇಕು. ಕೊನೆಗೆ ಅವಳ ಕೈಯಲ್ಲಿ ಎರಡು ಉಳಿದವು, ನನ್ನದೊಂದು, ಅವಳದೊಂದು. ಒಂದು ಕ್ಷಣ ಅನುಮಾನಿಸಿದಳು. ತಳಕ್ಕೆ ತಳ ಹಚ್ಚಿದಳು. ಹಿಮ್ಮಡಿ ಸಮ ಮಾಡಿದಳು. ಕಣ್ಣು ಹತ್ತಿರ ತಂದು ನೋಡಿದಳು, ತಲೆ ಎತ್ತಿ ನನ್ನನ್ನು ನೋಡಿದಳು. ನಗು ತಡೆದುಕೊಂಡು ನನ್ನದನ್ನು ತನ್ನದಕ್ಕಿಂತ ಮೊದಲು ಇಟ್ಟಳು.

ಸಾಲಿನಲ್ಲಿ ಮೊದಲು ನನ್ನದು, ಆಮೇಲೆ ಹುಡುಗಿಯದು, ಆಮೇಲೆ ತಾಯಿಯದು, ಕೊನೆಗೆ ಅಕ್ಕೋರದು.

ಅಕ್ಕೋರು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. "ಸರಿ ಐತಿ," ಎಂದು ಹುಡುಗಿಯ ತಲೆ ಸವರಿದರು. ಸರಿ ಗುರುತು ಹಾಕಲು ಆ ದಿನ ನನ್ನ ಹತ್ತಿರ ನಮೂನೆ ಇರಲಿಲ್ಲ. ನಾನು ಬಗ್ಗಿ ನನ್ನ ಚಪ್ಪಲಿ ಮೆಟ್ಟಿಕೊಂಡೆ.